ಚಂಪವ್ವನ ನಡುಪಟ್ಟಿಯ ಹೊಲಿಗೆ

ಎರಡನೆಯ ಆಷಾಢ, ನಲವತ್ತೊಂದನೆಯ ದಿನ
ಏರುನೀರಿನ ನೂರಾ ಹತ್ತೊಂಬತ್ತನೆಯ ವರ್ಷ
ಗುಳೇದಗುಡ್ಡ

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ಬಸಲಿಂಗವ್ವನ ಶರಣು.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಿಮ್ಮ ಪಂಚಾಂಗದಲ್ಲಿ ಯಾವ ತಿಂಗಳಿಗೂ ನಲವತ್ತೊಂದನೆಯ ದಿನ ಇರಲಿಲ್ಲವೆಂದು ಕೇಳಿದ್ದೇನೆ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಆಷಾಢ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ಒಮ್ಮೆ ನಿಂತು, ನೆಲ ಆರಿ, ಮತ್ತೆ ಹಿಡಿದರೆ ಅದು ಎರಡನೆಯ ಆಷಾಢ. ಹೊಳಿಯ ನೀರು ಮನೆಯ ಹೊಸ್ತಿಲು ದಾಟಿದ ಮೊದಲ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ನನ್ನ ಮಾತಿನಲ್ಲಿ ನೀವು ಕೇಳದ ಶಬ್ದಗಳಿವೆ. ನೀವು ಬಲ್ಲ ಶಬ್ದಗಳನ್ನೂ ನಾನು ಬೇರೆ ಅರ್ಥಕ್ಕೆ ಎಳೆದಿರಬಹುದು. ಹೊಟ್ಟೆಗೆ ಹಾಕಿಕೊಳ್ಳಿ.

ಇಂಥ ಬರಹಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ನೀವು ಬಿಸಾಡಿದ್ದನ್ನೆಲ್ಲ ಒಂದು ಕಡೆ ಹೂತು ಹೋದಿರಲ್ಲ, ಆ ದಿಬ್ಬಗಳಿಗೆ ನಮ್ಮಲ್ಲಿ ಹೂತಗುಡ್ಡ ಎಂದು ಹೆಸರು. ನಮ್ಮ ಅನ್ನ ಹುಟ್ಟುವುದು ಅಲ್ಲಿಂದ. ತೆಗೆದುಕೊಂಡವರು ಏನಾದರೂ ಕೊಡಬೇಕಲ್ಲ, ಅದಕ್ಕೇ ಒಂದು ವಯಸ್ಸಾದ ಮೇಲೆ ನಮ್ಮೂರಲ್ಲಿ ಒಬ್ಬೊಬ್ಬರೂ ಒಂದು ಓಲೆ ಬರೆದು ಅರಿವೆಯಲ್ಲಿ ಸುತ್ತಿ ಆ ಗುಡ್ಡಕ್ಕೆ ಒಪ್ಪಿಸುತ್ತಾರೆ. ಅದು ನಿಮಗೆ ಮುಟ್ಟುತ್ತದೆಯೋ ಇಲ್ಲವೋ ಗೊತ್ತಿಲ್ಲ. ನಾನು ಬಹಳ ವರ್ಷ ಬರೆಯದೆ ಉಳಿದವಳು. ಇವತ್ತು ಬೆಳಿಗ್ಗೆ ಮನೆಯಲ್ಲಿ ನಡೆದದ್ದರಿಂದ ಬರೆಯಲೇಬೇಕಾಯಿತು.

ನಿಮ್ಮ ಕಾಲದಲ್ಲಿ ನಮ್ಮೂರು ಕುಬಸದ ಖಣ ನೇಯುತ್ತಿತ್ತು. ಈಗ ನಾವು ನೇಯುವುದು ನೀವು ಮಾಡಿಟ್ಟುಹೋದ ಎರಡು ಬಗೆಯ ನೂಲನ್ನು. ಒಂದು ಹೊನ್ನೆಳೆ: ಮಾಗಿದ ಜೋಳದ ಬಣ್ಣ, ಬೆಂಕಿಗೆ ಕರಗದು, ಕತ್ತಿಗೆ ಹರಿಯದು. ಇನ್ನೊಂದು ಹಾಲೆಳೆ: ಬೆಳ್ಳಗೆ, ಜಾರು ಜಾರು, ನೀರಲ್ಲಿ ಮುಳುಗದು, ಆದರೆ ಒಲೆಯ ಹತ್ತಿರ ಇಟ್ಟರೆ ಮೇಣದಂತೆ ಇಳಿದುಹೋಗುತ್ತದೆ. ನಿಮ್ಮ ಸಿಪಾಯಿಗಳು ಎದೆಗೆ ಕಟ್ಟಿಕೊಳ್ಳುತ್ತಿದ್ದ ಗುಂಡು ತಡೆಯುವ ಅಂಗಿ, ಬೆಂಕಿ ಆರಿಸುವವರ ಕೋಟು, ಗಾಜಿನ ಕೆಲಸದವರ ಕೈಗವಸು, ತಲೆಗವಸು, ಹಡಗಿನ ಹಗ್ಗ, ಇವೆಲ್ಲ ಹೂತಗುಡ್ಡದಿಂದ ಬರುತ್ತವೆ. ಆ ನೂಲು ಮಾಡುವ ವಿದ್ಯೆ ನಮಗೆ ಇಲ್ಲ. ಅದಕ್ಕೆ ಬೇಕಾದ ನೆಲದೆಣ್ಣೆಯೂ ಇಲ್ಲ. ನಾವು ಬಿಡಿಸಬಲ್ಲೆವು, ಮತ್ತೆ ನೇಯಬಲ್ಲೆವು, ಅಷ್ಟೇ. ನಾನು ಎಳೆ ಬಿಡಿಸುವವಳು. ಒಂದು ಅಂಗಿಯ ಎಳೆಗಳನ್ನು ತುಂಡಾಗದಂತೆ ಬಿಡಿಸಿ ಉಂಡೆ ಕಟ್ಟುವಷ್ಟರಲ್ಲಿ ಉಗುರು ಸವೆದು ಬೆರಳ ತುದಿ ಸುಟ್ಟ ಹಾಗೆ ಉರಿಯುತ್ತದೆ. ಹೊನ್ನೆಳೆಗೆ ಬಿಸಿಲು ಆಗದು. ಬಿಸಿಲು ಕುಡಿದರೆ ಕಂದುತ್ತದೆ, ಒಳಗಿನ ಕಸುವು ಹೋಗುತ್ತದೆ. ಹೀಗಾಗಿ ನಮ್ಮ ಮಗ್ಗದ ಕೋಣೆಗಳಿಗೆ ಕಿಟಕಿಯಿಲ್ಲ, ಬಾಗಿಲಿಗೆ ಕಂಬಳಿ. ಇಡೀ ಊರಿನ ಗಂಡಸರು ಹಗಲೆಲ್ಲ ಕತ್ತಲಲ್ಲಿ ಕೂತು ನೇಯ್ದು, ಹೊರಗೆ ಬಂದಾಗ ಕಣ್ಣು ಕಿರಿದು ಮಾಡುತ್ತಾರೆ.

ನಮ್ಮಪ್ಪ ರಾಚಪ್ಪ ಆ ಕತ್ತಲಲ್ಲಿ ಎಲ್ಲರಿಗಿಂತ ದೊಡ್ಡ ಕೈ. ಒಂದು ಎಳೆಯನ್ನು ಎರಡೂ ಕೈಯಿಂದ ಜಗ್ಗಿ ಕಿವಿಯ ಹತ್ತಿರ ತಂದು ಹೆಬ್ಬೆರಳಿಂದ ಮೀಟಿ, ಅದು ಬಿಸಿಲು ಕಂಡದ್ದೋ ಇಲ್ಲವೋ ಹೇಳುತ್ತಿದ್ದ. ನಮ್ಮವ್ವ ಜ್ವರದಲ್ಲಿ ತೀರಿಕೊಂಡಾಗ ನಾನು ಲಂಗ ಉಡುವ ಹುಡುಗಿ, ನನ್ನ ತಂಗಿ ಚಂಪವ್ವ ಇನ್ನೂ ಅಂಬೆಗಾಲು. ಅಪ್ಪ ಅವಳನ್ನು ಮಗ್ಗದ ಕುಣಿಯಲ್ಲಿ ತನ್ನ ಕಾಲ ಪಕ್ಕ ಕೂರಿಸಿಕೊಂಡು ನೇಯುತ್ತಿದ್ದ. ಅದಕ್ಕೋ ಏನೋ, ನಡೆಯಲು ಬಂದದ್ದೇ ಅವಳು ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಕೆಂಪು ಕಲ್ಲಿನ ಹಳೆ ಕ್ವಾರಿಗಳಲ್ಲಿ ನೀರು ನಿಂತಿರುತ್ತದಲ್ಲ, ಅಲ್ಲಿ ಈಜು ಕಲಿತಳು. ಮನೆಗೆ ಬರುವಾಗ ಜಡೆಯಿಂದ ನೀರು ಸೋರುತ್ತಿತ್ತು. ಬಾಯಿ ಜೋರು, ನಗೆ ಅದಕ್ಕಿಂತ ಜೋರು. ರೊಟ್ಟಿ ಸೀದಿದ್ದರೆ ಅದನ್ನೇ ಆರಿಸಿ ತಿನ್ನುತ್ತಿದ್ದಳು. ನಾನು ಲಗ್ನವಾಗಿ ಅದೇ ಓಣಿಯ ಕೊನೆಯ ಮನೆಗೆ ಹೋದಾಗ ಮೂರು ದಿನ ಅತ್ತು, ನಾಲ್ಕನೆಯ ದಿನ ನನ್ನ ಗಂಡನ ಎದುರಿಗೇ ಹೇಳಿದಳು: "ಭಾವಾ, ನಮ್ಮಕ್ಕನ್ನ ಕರಕೊಂಡು ಹೋದಿ ಖರೆ. ಆಕಿ ಮಾಡೂ ಪುಂಡಿಪಲ್ಯಾ ಮಾತ್ರ ನಂದು."

ಮಲಪ್ರಭೆ ಏರಿದಾಗ ಜನರನ್ನು ಎತ್ತಿ ತರುವವರಿಗೆ ಹೊಳಿಪಡೆ ಅನ್ನುತ್ತೇವೆ. ಪಡೆಯ ಮುಖ್ಯಸ್ಥರಿಗೆ ಮೇಟಿ ಎಂದು ಹೆಸರು. ಕಣದ ನಡುವಿನ ಮೇಟಿಗಂಬದ ಸುತ್ತ ಎತ್ತು ತಿರುಗಿದ ಹಾಗೆ ಪಡೆ ಅವರ ಸುತ್ತ ತಿರುಗುತ್ತದೆ. ಆಗಿನ ಮೇಟಿ ಜೈಬುನಕ್ಕ, ಗಟ್ಟಿ ಮೈಯ ಹೆಂಗಸು, ಕೂಗಿದರೆ ಆಚೆ ದಂಡೆಗೆ ಕೇಳಬೇಕು. ಅವರೇ ಒಂದು ದಿನ ನಮ್ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಕೇಳಿದರು.

"ರಾಚಪ್ಪಣ್ಣಾರ, ನಿಮ್ಮ ಸಣ್ಣ ಮಗಳನ್ನ ಪಡೆಗೆ ಕೊಡ್ರಿ. ನೀರಾಗ ಅಂಥಾಕಿ ಮತ್ತ ಸಿಗಾಂಗಿಲ್ಲ."

ಬಾಗಿಲ ಹಿಂದೆ ಚಂಪವ್ವ ನನ್ನ ಕೈ ಹಿಚುಕುತ್ತಿದ್ದಳು.

"ಬ್ಯಾಡಂದ್ರ ಅಕಿ ಕೇಳ್ತಾಳೇನ್ರೀ?" ಎಂದ ಅಪ್ಪ. "ನೀರಿಗೆ ಹೋಗೂದಾದ್ರ ನನ್ನ ನೂಲಿನ ಜೋಡಿ ಹೋಗ್ಲಿ. ಅಕಿ ಅಂಗಿ, ಹಗ್ಗ ನಾನ ಮಾಡಿಕೊಡ್ತೀನಿ. ಮಂದಿ ಕೈಯಾಂದು ಬ್ಯಾಡ."

ಮಾಡಿಯೂ ಕೊಟ್ಟ. ಪಡೆಯವರು ತೊಡುವುದು ತೇಲಂಗಿ. ಒಳಗೆ ಒಣಸೋರೆಯ ಬುರುಡೆ, ಮೇಲೆ ಹೊನ್ನೆಳೆಯ ನೇಯ್ಗೆ. ಹೊಳಿಯಲ್ಲಿ ತೇಲಿ ಬರುವ ತಗಡು, ತಂತಿ, ಮುರಿದ ಗಾಜು ಅದನ್ನು ಸೀಳಲಾರವು. ಹಗ್ಗ ಹಾಲೆಳೆಯದು, ನೀರ ಮೇಲೆ ಬೆಳ್ಳಗೆ ತೇಲುತ್ತದೆ. ಮೂರನೆಯದು ನಡುಪಟ್ಟಿ. ಅಂಗೈ ಅಗಲದ ಹೊನ್ನೆಳೆಯ ಪಟ್ಟಿ, ಬೆನ್ನ ಕಡೆ ಒಂದು ಉಂಗುರ, ಆ ಉಂಗುರಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ದಂಡೆಯಲ್ಲಿ ನಿಂತವರ ಕೈಯಲ್ಲಿ. ಈ ನಡುಪಟ್ಟಿಯನ್ನು ಮಾತ್ರ ಪಡೆ ತನ್ನ ಮನೆಯಲ್ಲೇ ಹೊಲಿಯುತ್ತಿತ್ತು, ಹೊರಗೆ ಕೊಡುತ್ತಿರಲಿಲ್ಲ. ಯಾಕೆಂದು ಅಪ್ಪ ಕೇಳಲಿಲ್ಲ. ಅದರ ಕೆಲಸ ತನ್ನ ಕೈಗೆ ಸಿಗಲಿಲ್ಲವೆಂದು ಸ್ವಲ್ಪ ಮುನಿಸು ಮಾತ್ರ ಇತ್ತು.

ಕಾರಹುಣ್ಣಿಮೆಗೆ ಚಂಪವ್ವ ರಜೆಯ ಮೇಲೆ ಮನೆಗೆ ಬಂದಳು. ಸಾಮಾನನ್ನು ಗೂಟಕ್ಕೆ ಸಿಗಿಸಿ ಗೆಳತಿಯರ ಜೊತೆ ಹೋಳಿಗೆ ಊಟಕ್ಕೆ ಹೋದಳು. ನಾನು ನನ್ನ ಮನೆಯಲ್ಲಿದ್ದೆ, ಇದೆಲ್ಲ ಆಮೇಲೆ ತಿಳಿದದ್ದು. ಅಪ್ಪ ನಡುಪಟ್ಟಿಯನ್ನು ಕೆಳಗಿಳಿಸಿ ನೋಡಿದ್ದಾನೆ. ಬೆನ್ನ ಕಡೆ, ಪಟ್ಟಿಯ ಎರಡು ತುದಿ ಕೂಡುವಲ್ಲಿ, ಎಲ್ಲ ಹೊನ್ನೆಳೆಯ ನಡುವೆ, ಕೆಂಪು ಬಣ್ಣದ ಬರೀ ಅರಳೆನೂಲಿನ ಹೊಲಿಗೆ. ಹುಗ್ಗಿ ಉಣ್ಣುವಾಗ ಹರಳು ಸಿಕ್ಕಂತಾಯಿತು ಅವನಿಗೆ. ತನ್ನ ಮಗಳ ಜೀವವನ್ನು ಒಂದು ಕಳಪೆ ದಾರಕ್ಕೆ ನೇತುಹಾಕಿದ್ದಾರೆ ಅಂದುಕೊಂಡ. ಆ ಅರಳೆನೂಲನ್ನು ಕಿತ್ತು, ಹೊನ್ನೆಳೆಯಿಂದ ಎರಡು ಸಾಲು ಬಿಗಿಯಾಗಿ ಹೊಲಿದ. ಪಡೆಯವರು ನೋಡಿ ಬೇಸರ ಮಾಡಿಕೊಳ್ಳಬಾರದೆಂದು ಅದರ ಮೇಲೆ ಅದೇ ಕೆಂಪು ನೂಲಿನ ಒಂದು ಸಾಲು ಎಳೆದು, ಪಟ್ಟಿಯನ್ನು ಗೂಟಕ್ಕೆ ಸಿಗಿಸಿ, ಮಗ್ಗಕ್ಕೆ ಹೋದ. ಆ ದಿನ ಸಂಜೆ ನಾನು ಹೋದಾಗ ಬಹಳ ಖುಷಿಯಲ್ಲಿದ್ದ ಎಂದು ನನಗೆ ನೆನಪಿದೆ. ಚಂಪವ್ವನ ತಟ್ಟೆಗೆ ತಾನೇ ತುಪ್ಪ ಬಡಿಸಿದ.

ಆ ವರ್ಷದ ಎರಡನೆಯ ಆಷಾಢದಲ್ಲಿ ಹಂಚಿನಗಡ್ಡೆಯೆಂಬ ನಡುಗಡ್ಡೆಯ ಊರಿಗೆ ನೀರು ನುಗ್ಗಿತು. ಮನೆ ಬಿಟ್ಟು ಬಂದವರಿಗೆ ಅಡಿಗೆ ಮಾಡಲು ನಮ್ಮೂರ ಹೆಂಗಸರು ಎತ್ತರದ ದಂಡೆಗೆ ಹೋಗಿದ್ದೆವು. ನಾನೂ ಇದ್ದೆ. ಮಧ್ಯಾಹ್ನ ಮಳೆ ಸ್ವಲ್ಪ ತೆಳುವಾಗಿತ್ತು, ಆಚೆಯ ಮಾಳಿಗೆಗಳ ಮೇಲೆ ಜನ ಕೂತದ್ದು ಕಾಣುತ್ತಿತ್ತು. ಚಂಪವ್ವ ಹಗ್ಗದೊಂದಿಗೆ ಹೋಗಿ ಒಬ್ಬ ಬಾಣಂತಿಯನ್ನು ತಂದಳು. ಮತ್ತೆ ಹೋಗಿ ಒಬ್ಬ ಮುದುಕಿಯನ್ನು ತಂದಳು. ಆ ಮುದುಕಿ ದಂಡೆಗೆ ಕಾಲಿಟ್ಟದ್ದೇ ತನ್ನ ಕೋಳಿಯನ್ನು ತರಲಿಲ್ಲವೆಂದು ಇವಳನ್ನು ಬೈಯತೊಡಗಿತು. ಚಂಪವ್ವ ನಕ್ಕು ನನ್ನ ಕಡೆ ತಿರುಗಿ, "ಅಕ್ಕಾ, ಈ ಅಮ್ಮಗ ಮದಲ ಬಿಸಿ ಅಂಬಲಿ ಕೊಡು, ಆಮ್ಯಾಲೆ ಬೈಲಿ," ಅಂದಳು. ನನಗೆ ಅವಳು ಆಡಿದ ಕೊನೆಯ ಮಾತು ಅದು.

ಮತ್ತೆ ನೀರಿಗಿಳಿಯುವ ಮುನ್ನ ಜೊತೆಗಾರ ಯಮನೂರ ಅವಳ ಬೆನ್ನ ಹಿಂದೆ ನಿಂತು ನಡುಪಟ್ಟಿ ನೋಡಿದ. ಪಡೆಯ ನಿಯಮ ಅದು. "ಕೆಂಪು ಐತಿ," ಎಂದು ಕೂಗಿದ. ಅವಳು ಇಳಿದಳು.

ನಡುಹೊಳಿಯಲ್ಲಿ ಮುಳುಗಿದ್ದ ಒಂದು ಜಾಲಿಯ ಮರಕ್ಕೆ ಹಗ್ಗ ಸಿಕ್ಕಿಕೊಂಡಿತು. ಸೆಳವು ಅವಳನ್ನು ಮುಂದಕ್ಕೆ ಎಳೆಯುತ್ತಿತ್ತು, ಹಗ್ಗ ಹಿಂದಕ್ಕೆ ಹಿಡಿದಿತ್ತು. ಹಾಗೆ ಹಿಡಿದರೆ ನೀರು ಮನುಷ್ಯರನ್ನು ಕೆಳಗೆ ಒತ್ತುತ್ತದೆ. ಅವಳ ತಲೆ ಮುಳುಗಿತು, ಎದ್ದಿತು, ಮುಳುಗಿತು. ದಂಡೆಯಲ್ಲಿ ನಾವೆಲ್ಲ ಚೀರುತ್ತಿದ್ದರೆ ಜೈಬುನಕ್ಕ ಮಾತ್ರ ಧೈರ್ಯವಾಗಿ ನಿಂತಿದ್ದರು. "ಬಿಡತೈತಿ, ತಡೀರಿ, ಈಗ ಬಿಡತೈತಿ," ಅನ್ನುತ್ತಿದ್ದರು. ಏನು ಬಿಡುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ದನಿಯೇ ಬದಲಾಯಿತು. "ಯಾಕ ಬಿಡವಲ್ದು? ಯಾ ಅಲ್ಲಾ, ಯಾಕ ಬಿಡವಲ್ದು?" ಅವರೇ ನೀರಿಗೆ ಹಾರಿದರು, ಯಮನೂರನೂ ಹಾರಿದ. ಇಬ್ಬರೂ ಮುಟ್ಟಿದರು. ಹಗ್ಗದ ಮೇಲೆ ಚಾಕು ಹಾಕಿದರೆ ಜಾರಿತು, ಪಟ್ಟಿಯ ಮೇಲೆ ಹಾಕಿದರೆ ಚಾಕುವಿನ ಬಾಯೇ ಮಡಚಿತು. ಅವಳನ್ನು ಬಿಡಿಸಿ ತಂದದ್ದು ನೀರು ಇಳಿದ ಮೇಲೆ.

ಮನೆಯ ಮುಂದೆ ಅವಳನ್ನು ಇಳಿಸಿದಾಗ ಅಪ್ಪ ಮಗ್ಗದ ಕೋಣೆಯಿಂದ ಹೊರಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿದ. ಮೊದಲು ಅವನಿಗೆ ಕಾಣಲಿಲ್ಲ. ಕಂಡ ಮೇಲೆ ಬಂದು ಅವಳ ತಲೆಯ ಹತ್ತಿರ ಕೂತ, ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಅಳಲಿಲ್ಲ. ಜೈಬುನಕ್ಕನ ಕಡೆ ನೋಡಿ ಒಂದೇ ಮಾತು ಕೇಳಿದ.

"ನೂಲು ಹಿಡೀತೇನ್ರೀ?"

ಜೈಬುನಕ್ಕ ಅವನ ಮುಖ ನೋಡಿದರು, ನೆಲ ನೋಡಿದರು. "ಇಲ್ಲ ಅಣ್ಣಾರ. ಹಗ್ಗ ಹರೀತು."

"ನನ್ನ ಹಗ್ಗ," ಎಂದ ಅಪ್ಪ.

ವಿಭೂತಿ ಹಚ್ಚಿ ಅವಳನ್ನು ಕೂರಿಸಿ ಮಣ್ಣು ಕೊಟ್ಟು ಬಂದೆವು. ಮರುದಿನ ಜೈಬುನಕ್ಕ ನನ್ನನ್ನು ಹಿತ್ತಲಿಗೆ ಕರೆದು ಸೆರಗಿನಿಂದ ನಡುಪಟ್ಟಿ ತೆಗೆದರು. ಕೆಂಪು ನೂಲಿನ ಒಂದು ತುದಿ ಹಿಡಿದು ಎಳೆದರು. ಅದು ಸುಲಭವಾಗಿ ಕಿತ್ತುಬಂತು. ಅದರ ಕೆಳಗೆ ಹೊನ್ನೆಳೆ ಹೊಳೆಯುತ್ತಿತ್ತು. ಎರಡು ಸಾಲು, ಕೂದಲಿನಷ್ಟೂ ಓರೆಯಿಲ್ಲ.

"ಯಾರ ಕೈ ಇದು, ಬಸಲಿಂಗವ್ವಾ?"

ನಾನು ಹೇಳಬೇಕಾಗಿರಲಿಲ್ಲ. ಊರಲ್ಲಿ ಅಂಥ ಕೈ ಒಂದೇ ಇತ್ತು.

ಆಗ ಅವರು ಬಿಡುಹೊಲಿಗೆಯ ವಿಷಯ ಹೇಳಿದರು. ಹಗ್ಗ ಎಲ್ಲಾದರೂ ಸಿಕ್ಕಿಕೊಂಡು ಸೆಳವು ಮಿತಿಮೀರಿದರೆ ಆ ಅರಳೆನೂಲು ತಾನಾಗಿ ಹರಿಯಬೇಕು, ಪಟ್ಟಿ ಬಿಚ್ಚಬೇಕು, ಮನುಷ್ಯ ಹಗ್ಗದಿಂದ ಬಿಡುಗಡೆಯಾಗಿ ತೇಲಂಗಿಯ ಆಧಾರದಲ್ಲಿ ಕೆಳಗಿನ ದಂಡೆಗೆ ಹೋಗಿ ಬೀಳಬೇಕು. ಹೊನ್ನೆಳೆ ತಾನಾಗಿ ಎಂದೂ ಬಿಡುವುದಿಲ್ಲವಾದ್ದರಿಂದ ಹಿಂದಿನವರು ಕಂಡುಕೊಂಡ ಉಪಾಯ. ಪಡೆಯವರಿಗೆಲ್ಲ ಅದು ಗೊತ್ತು, ಮನೆಯವರಿಗೆ ಹೇಳುವ ಪದ್ಧತಿ ಇಲ್ಲ.

"ಹೆಂಗ ಹೇಳೋದವಾ? ಹರಿಯೂ ಪಟ್ಟಿ ಕಟ್ಟಿ ನೀರಿಗೆ ಕಳಸ್ತೀವಿ ಅಂದ್ರ ಯಾವ ತಾಯಿ ಮಕ್ಕಳನ್ನ ಕೊಡತಾಳ? ಚಂಪಿನೂ ಹೇಳಿದ್ಲು, ನಮ್ಮಪ್ಪಗ ಗೊತ್ತಾದ್ರ ನಿದ್ದಿ ಮಾಡಾಂಗಿಲ್ಲ, ಹೇಳಬ್ಯಾಡ್ರಿ ಅಂತ." ಅವರು ಪಟ್ಟಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿದರು. "ಮಗಳು ಹೋದ್ಲು. ಅಪ್ಪನ್ನರೆ ಉಳಸೂಣು. ಹಗ್ಗ ಹರೀತು ಅಂತನ ಇರ್ಲಿ."

ಹಗ್ಗ ಹರಿಯಿತು ಎನ್ನುವುದು ಅಪ್ಪನಂಥವನಿಗೆ ಸಣ್ಣ ಮಾತಲ್ಲ. ಅವನು ಉಳಿದ ಹಗ್ಗದ ತುಂಡುಗಳನ್ನೆಲ್ಲ ತಂದು ತೊಲೆಗೆ ಕಟ್ಟಿ, ಬೀಸುಕಲ್ಲು ತೂಗಿಬಿಟ್ಟು, ದಿನವಿಡೀ ಅದರ ಕೆಳಗೆ ಕೂತು ನೋಡುತ್ತಿದ್ದ. ಹಗ್ಗ ಹರಿಯುತ್ತಿರಲಿಲ್ಲ. ಇನ್ನೊಂದು ಕಲ್ಲು ಕಟ್ಟುತ್ತಿದ್ದ. "ಇಲ್ಲಿ ಹಿಡೀತೈತಿ. ಅಲ್ಲಿ ಯಾಕ ಹರೀತು?" ಎಂದು ನನ್ನನ್ನು ಕೇಳುತ್ತಿದ್ದ. ನಾನು ಊಟಕ್ಕೆ ಏಳು ಅನ್ನುತ್ತಿದ್ದೆ. ಅವನು ಉಣ್ಣುವುದು ಕಮ್ಮಿಯಾಗಿ ಕೊರಳ ಎಲುಬು ಕಾಣತೊಡಗಿದವು. ಆದರೆ ದೀವಳಿಗೆ ಕಳೆದ ಮೇಲೆ ಇದ್ದಕ್ಕಿದ್ದಂತೆ ಗೆಲುವಾದ. ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಹೊರಗೆ ಹೋಗಿ ಬರುವುದು, ಕೋಣೆ ಸೇರುವುದು. ದುಃಖ ತಾನೇ ದಾರಿ ಹುಡುಕಿಕೊಂಡಿತು ಎಂದು ನಾನು ಸಮಾಧಾನಪಟ್ಟೆ.

ಒಂದು ಬೆಳಿಗ್ಗೆ ರೊಟ್ಟಿ ಕೊಡಲು ಕಂಬಳಿ ಸರಿಸಿ ಒಳಗೆ ಹೋದೆ. ಮಗ್ಗದ ಮೇಲೆ ನಡುಪಟ್ಟಿಗಳು ಸಾಲಾಗಿ ಹಾಸಿದ್ದವು. ಪಡೆಯ ಹುಡುಗರ ಮನೆಮನೆಗೆ ಹೋಗಿ, ನೂಲು ಪರೀಕ್ಷೆ ಮಾಡಿ ಕೊಡುತ್ತೇನೆಂದು ಇಸಿದುಕೊಂಡು ಬಂದಿದ್ದ. ಮಗಳನ್ನು ಕಳಕೊಂಡ ಮುದುಕನಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ.

"ಬಾ ಬಾ, ನೋಡಿಲ್ಲಿ," ಎಂದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗೆ ಇತ್ತು. "ಯಾವನೋ ತಿಳಿಗೇಡಿ ಎಲ್ಲಾದಕ್ಕೂ ಅರಳೆನೂಲು ಹಾಕ್ಯಾನ. ಎಲ್ಲಾ ಕಿತ್ತು ಬಿಗಿ ಮಾಡೀನಿ. ಇನ್ನ ಯಾರ ಮಕ್ಕಳೂ ಹೋಗಬಾರ್ದು ಬಸ್ಸವ್ವಾ. ಚಂಪೀದೂ ಹಿಂಗ ಮಾಡಿದ್ದೆ, ಕಾರಹುಣ್ಣಿವಿಗೆ. ಹಗ್ಗ ಕೈಕೊಟ್ತು. ಪಟ್ಟಿ ಮಾತ್ರ ನಾ ಗಟ್ಟಿ ಮಾಡಿ ಕಳಿಸಿದ್ದೆ, ಅದೊಂದು ನನ್ನ ಕೈಲೆ ಬರೋಬ್ಬರಿ ಆಗಿತ್ತು."

ಅವನಿಗೆ ಉಳಿದಿದ್ದದ್ದು ಅದೊಂದೇ. ಅದನ್ನೇ ನಾನು ಕಿತ್ತುಕೊಳ್ಳಬೇಕಿತ್ತು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕುಣಿಯ ಅಂಚಿಗೆ ಕೂತೆ. ಯಮನೂರನ ಪಟ್ಟಿ ಅವನ ತೊಡೆಯ ಮೇಲಿತ್ತು. ಯಮನೂರನ ಹೆಂಡತಿ ಆಗ ತುಂಬಿದ ಬಸುರಿ.

"ಅಪ್ಪಾ, ಹಗ್ಗ ಹರೀಲಿಲ್ಲ."

ಅವನಿಗೆ ಸಂತೋಷವಾಯಿತು. ಹಿರಿಯರೇ, ನೀವು ನಂಬಬೇಕು, ಮೊದಲು ಅವನ ಮುಖ ಸಂತೋಷದಿಂದ ಅರಳಿತು. "ಹರೀಲಿಲ್ಲ? ನಾ ಹೇಳಿದ್ನಲ್ಲ! ಮತ್ತ ಜೈಬುನಕ್ಕ ಹಂಗ್ಯಾಕ..."

"ಹಗ್ಗ ಜಾಲಿಗಿಡಕ್ಕ ಸಿಕ್ಕಿತ್ತು. ಹಂಗ ಸಿಕ್ಕಾಗ ಪಟ್ಟಿ ಬಿಚ್ಚಬೇಕಪ್ಪಾ. ಬಿಚ್ಚಲಿ ಅಂತನ ಅಲ್ಲಿ ಅರಳೆನೂಲು ಹಾಕಿರತಾರ."

ಅವನು ತೊಡೆಯ ಮೇಲಿನ ಪಟ್ಟಿಯನ್ನು ನೋಡಿದ. ಹೆಬ್ಬೆರಳಿಂದ ತನ್ನ ಹೊಲಿಗೆಯನ್ನು ಸವರಿದ, ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ.

"ಬಿಡಲಿ ಅಂತ ಹಾಕಿದ್ರೇನು?"

"ಹೂನಪ್ಪಾ."

"ಆಕಿಗೆ ಗೊತ್ತಿತ್ತು?"

"ಗೊತ್ತಿತ್ತು. ನೀ ಅಂಜತಿ ಅಂತ ಹೇಳಿರಲಿಲ್ಲ."

"ಅಂದ್ರ ಆಕಿ ನೀರಾಗ..." ಎಂದು ನಿಂತ. ಅವನ ದನಿಯಲ್ಲದ ದನಿಯಲ್ಲಿ ಹೇಳಿದ: "ಈಗ ಬಿಡತೈತಿ, ಈಗ ಬಿಡತೈತಿ ಅಂತ ಕಾದಿರಬೇಕಲ್ಲ ಆಕಿ."

ನಾನು ಅವನ ಕೈ ಹಿಡಿಯಲು ಹೋದೆ. ಅವನು ಕೊಡಲಿಲ್ಲ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಸಣ್ಣ ಗರಗಸದ ಅಲಗು ತೆಗೆದು, ಯಮನೂರನ ಪಟ್ಟಿಯಿಂದ ತನ್ನ ಹೊಲಿಗೆಯನ್ನೇ ಕುಯ್ಯತೊಡಗಿದ. ಹೊನ್ನೆಳೆ ಸುಲಭಕ್ಕೆ ಬಿಡುವುದಿಲ್ಲ. ಅಲಗು ಜಾರಿ ಬೆರಳಿಗೆ ತಾಗಿ ರಕ್ತ ಬಂದರೂ ನಿಲ್ಲಿಸಲಿಲ್ಲ. ನಾನೂ ಒಂದು ಪಟ್ಟಿ ಎತ್ತಿಕೊಂಡೆ. ಇಬ್ಬರೂ ಎಲ್ಲವನ್ನೂ ಬಿಚ್ಚಿದೆವು. ಮುಗಿದ ಮೇಲೆ ಅವನು ಕೆಂಪು ಅರಳೆನೂಲು ತಾ ಎಂದ. ಸೂಜಿಗೆ ದಾರ ಪೋಣಿಸಲು ಅವನ ಕೈಗೆ ಆಗಲಿಲ್ಲ. ಪೋಣಿಸಿ ಕೊಟ್ಟೆ. ಹೊಲಿದ ಒಂದೊಂದನ್ನೂ ನನ್ನ ಕೈಗಿತ್ತು, "ಜಗ್ಗು. ಹರೀತೈತೇನು ನೋಡು," ಎಂದು ಕೇಳಿದ. ಊರಲ್ಲೇ ಗಟ್ಟಿ ನೂಲಿಗೆ ಹೆಸರಾದ ಮನುಷ್ಯ ಮಗುವಿನ ಹಾಗೆ ಕೇಳಿದ.

ಸಂಜೆ ಪಟ್ಟಿಗಳನ್ನು ಹೊತ್ತು ಪಡೆಯ ಮನೆಗೆ ತಾನೇ ಹೋದ. ಜೈಬುನಕ್ಕ ಎದ್ದು ನಿಂತರು. ಅವನು ಅವರನ್ನು ಬೈಯಲಿಲ್ಲ, ಸುಳ್ಳು ಯಾಕೆ ಹೇಳಿದಿರಿ ಎಂದೂ ಕೇಳಲಿಲ್ಲ. "ಮನಿಯವರಿಗೆ ಹೇಳ್ರಿ," ಅಂದ. "ಅಂಜಲಿ, ಅಳಲಿ, ಕಳಸೂದಿಲ್ಲ ಅನ್ನಲಿ. ಹೇಳ್ರಿ. ನಿಮಗ ಆಗದಿದ್ರ ನಾ ಹೇಳ್ತೀನಿ."

ಅವನೇ ಹೇಳಿದ. ಮಳೆಗೆ ಮುಂಚೆ ಹೊಸಬರು ಪಡೆ ಸೇರುವಾಗ ಅವರ ತಂದೆತಾಯಿಗಳನ್ನು ಕರೆಸಿ ಪಡೆಯ ಅಂಗಳದಲ್ಲಿ ಕೂರಿಸುತ್ತಿದ್ದರು. ಅಪ್ಪ ಎದ್ದು ನಿಂತು, ನನ್ನ ಹೆಸರು ರಾಚಪ್ಪ, ನನ್ನ ಮಗಳ ಪಟ್ಟಿ ನಾನು ಹೊಲಿದೆ, ಎಂದು ಶುರುಮಾಡಿ ಕೊನೆತನಕ ಹೇಳುತ್ತಿದ್ದ. ಒಂದು ವರ್ಷವೂ ಒಂದು ಮಾತು ಬಿಟ್ಟವನಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಹೊನ್ನೆಳೆಯ ಮಗ್ಗಕ್ಕೆ ಮತ್ತೆ ಕೂರಲಿಲ್ಲ. ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು ಬಿಡುಹೊಲಿಗೆಗೆ ಬೇಕಾದ ಅರಳೆನೂಲು ತೆಗೆಯುವುದಷ್ಟೇ ಅವನ ಕೆಲಸವಾಯಿತು.

ಎರಡು ಮಳೆಗಾಲ ಕಳೆದ ಮೇಲೆ ಯಮನೂರ ಮನೆಗೆ ಬಂದ, ಜೊತೆಗೆ ಹೆಂಡತಿ, ಸೊಂಟದಲ್ಲಿ ಕೂಸು. ಮೈಯೆಲ್ಲ ಕಲ್ಲಿಗೆ ಬಡಿದ ಗಾಯ. ಅವನ ಹಗ್ಗವೂ ಸಿಕ್ಕಿತ್ತಂತೆ, ಹೊಲಿಗೆ ಬಿಟ್ಟಿತಂತೆ, ಹೊಳಿ ಅವನನ್ನು ಕೆಳಗಿನ ಊರ ದಂಡೆಗೆ ಎಸೆದಿತ್ತಂತೆ. ಅಪ್ಪ ಅವನ ಗಾಯಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಚಲೋ ಆತು, ಚಲೋ ಆತು, ಎಂದು ಎಷ್ಟು ಸಲ ಅಂದನೋ. ಕೂರಿಸಿ ಉಣ್ಣಿಸಿದ, ಕೂಸಿನ ಕೈಗೆ ಬೆಲ್ಲ ಕೊಟ್ಟ. ಅವರು ಓಣಿ ತಿರುಗುವವರೆಗೆ ನಗುತ್ತಾ ನಿಂತಿದ್ದವನು ಒಳಗೆ ಬಂದು ಬಾಗಿಲು ಹಾಕಿಕೊಂಡ. ಮಗಳು ಸತ್ತ ದಿನವೂ ಅಳದವನು ಅವತ್ತು ಅತ್ತ. ಹೊರಗೆ ಹೊಸ್ತಿಲಲ್ಲಿ ಕೂತು ನಾನು ಕೇಳಿಸಿಕೊಂಡೆ. ಒಳಗೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ಅವನು ತೀರಿಕೊಂಡು ಈಗ ಬಹಳ ವರ್ಷವಾಯಿತು.

ನೂಲು ಮಾಡಿದ ಹಿರಿಯರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ನೂಲಿಲ್ಲದಿದ್ದರೆ ಹಂಚಿನಗಡ್ಡೆಯ ಆ ಬಾಣಂತಿ ಉಳಿಯುತ್ತಿರಲಿಲ್ಲ, ಬೈಯುವ ಮುದುಕಿಯೂ ಉಳಿಯುತ್ತಿರಲಿಲ್ಲ. ಒಂದೇ ಒಂದು ಬೇಡಿಕೆ. ಗಟ್ಟಿಯಾದದ್ದನ್ನು ಮಾಡುವಾಗ ಅದು ಎಷ್ಟು ಹಿಡಿಯುತ್ತದೆ ಎಂದು ಬರೆದಿಟ್ಟಿರಿ, ಅಂಗಿಗಳ ಒಳಗೆ ಆ ಅಂಕಿಗಳನ್ನು ಇವತ್ತಿಗೂ ನೋಡುತ್ತೇವೆ. ಅದು ಎಲ್ಲಿ ಬಿಡಬೇಕು, ಯಾಕೆ ಬಿಡಬೇಕು ಎಂಬುದನ್ನೂ ಹೇಳಿ. ತೊಡುವವರಿಗೆ ಮಾತ್ರ ಹೇಳಿದರೆ ಸಾಲದು. ಅವರು ಮನೆಗೆ ಬಂದು ಅದನ್ನು ಗೂಟಕ್ಕೆ ಸಿಗಿಸುತ್ತಾರೆ. ಆ ಮನೆಯಲ್ಲಿ ಅವರನ್ನು ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡವರು ಒಬ್ಬರು ಇದ್ದೇ ಇರುತ್ತಾರೆ.

ಇವತ್ತು ಬೆಳಿಗ್ಗೆ ನನ್ನ ಮಗಳು ನೀಲಾಂಬಿಕೆ ಮೊದಲ ಸಲ ಹೊಳಿಗೆ ಹೋದಳು. ಅಪ್ಪ ಹಾಕಿಕೊಟ್ಟ ಪದ್ಧತಿಯಂತೆ ಈಗ ಪಡೆಯವರು ಮನೆಯವರ ಮುಂದೆಯೇ ನಡುಪಟ್ಟಿ ಕಟ್ಟುತ್ತಾರೆ. ಮನೆಯ ಹಿರಿಯರು ಕೆಂಪು ಹೊಲಿಗೆಯ ಮೇಲೆ ಕೈಯಿಟ್ಟು "ಬಲ್ಲೆ" ಅನ್ನಬೇಕು. ಅಷ್ಟಂದರೆ ಅವರು ಹೊರಡಬಹುದು. ನಾನು ಕೈಯಿಟ್ಟೆ. ಅರಳೆನೂಲು ಮೆತ್ತಗಿತ್ತು. ಬಲ್ಲೆ ಅಂದೆ. ಹೊರಗೆ ಜೊತೆಯವರು ಕಾಯುತ್ತಿದ್ದರು, ಮಳೆ ಬೀಳುತ್ತಿತ್ತು. "ಯವ್ವಾ, ಹೊತ್ತಾತು," ಅಂದಳು. ನನ್ನ ಕೈ ಪಟ್ಟಿಯನ್ನು ಬಿಡಲಿಲ್ಲ. ಅವಳೇ ಬಗ್ಗಿ, ನಗುತ್ತಾ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದಳು.

ಇನ್ನೂ ಬಂದಿಲ್ಲ. ಓಲೆಯನ್ನು ಇಲ್ಲಿಗೆ ನಿಲ್ಲಿಸಿ ದಂಡೆಗೆ ಹೋಗುತ್ತೇನೆ.

ರಾಚಪ್ಪನ ಹಿರಿಯ ಮಗಳು,
ಬಸಲಿಂಗವ್ವ